ಅಧಿಕ ಮಾಸದ ಅಮಾವಾಸ್ಯೆ

ಕೇಕಿನ ಮೇಲೆ ಗ್ರಾಫ್ ಬರೆಸಬೇಕೆಂಬುದು ಕಟ್ಟಿ ಸಾಹೇಬರದೇ ಯೋಚನೆ. ಬೇಕರಿಯವನು ಬಿಳಿ ಕೆನೆಯ ಮೇಲೆ ಕೆಂಪು ಜೆಲ್ಲಿಯಲ್ಲಿ ಎಳೆದಿದ್ದ ಗೆರೆ ಎಡದಿಂದ ಬಲಕ್ಕೆ ಏಳುತ್ತ ಬೀಳುತ್ತ ಹೋಗಿ, ಮಹಾಲಯ ಅಮಾವಾಸ್ಯೆ ಬಂದಲ್ಲಿ ಗೋಪುರದಂತೆ ಎದ್ದು ನಿಂತಿತ್ತು. ಹೊನ್ನಬೋರೆ ಉಪಗ್ರಹ ಅನುಸರಣಾ ಕೇಂದ್ರದ ಮೂವತ್ತೆರಡು ಮಂದಿಯೂ ಮೇಜಿನ ಸುತ್ತ ಸೇರಿದ್ದರು.

“ಈ ಶಿಖರ ಯಾರ ಪಾಲು? ಕಂಡುಹಿಡಿದಾಕಿ ಪಾಲು!” ಎಂದು ನಿರ್ದೇಶಕ ಕಟ್ಟಿ ಸಾಹೇಬರು ಗೋಪುರದ ತುಂಡನ್ನೇ ಕತ್ತರಿಸಿ ಚಾರುಮತಿಯ ಬಾಯಿಗೆ ಹಿಡಿದರು. ಇಪ್ಪತ್ತಾರು ವರ್ಷದ ಚಾರುಮತಿಗೆ ಯಾರಾದರೂ ತನ್ನನ್ನು ನೋಡುತ್ತಿದ್ದಾರೆ ಎಂದರೇ ಗಂಟಲು ಒಣಗುತ್ತಿತ್ತು. ಈಗ ನೋಡುತ್ತಿದ್ದವರು ಮೂವತ್ತೊಂದು ಜನ. ಹಾಗಾಗಿ ತುಂಡನ್ನು ಅಗಿಯದೆಯೇ ನುಂಗಿದಳು. ಕೆನೆ ಗಂಟಲಿಗೆ ಅಂಟಿಕೊಂಡಿತು. ಚಪ್ಪಾಳೆ ಬಿತ್ತು.

ಅವರ ಉಪಗ್ರಹದ ಹೆಸರು ಪರಿಧಿ. ಉಳಿದ ಉಪಗ್ರಹಗಳು ಗಾಣದೆತ್ತಿನಂತೆ ಭೂಮಿಯ ಸುತ್ತ ಒಂದೇ ಅಳತೆಯಲ್ಲಿ ತಿರುಗಿದರೆ, ಇದರ ದಾರಿ ಉದ್ದನೆಯ ಸೌತೆಕಾಯಿಯಂಥದು. ಒಂದು ತುದಿ ನೆಲದಿಂದ ಮುನ್ನೂರಿಪ್ಪತ್ತು ಕಿಲೋಮೀಟರ್ ಮೇಲೆ. ಇನ್ನೊಂದು ತುದಿ ಒಂದು ಲಕ್ಷದ ಇಪ್ಪತ್ತು ಸಾವಿರ, ಚಂದ್ರನಿಗೆ ಹೋಗುವ ದಾರಿಯ ಮೂರನೇ ಒಂದು ಪಾಲು. ಒಂದು ಸುತ್ತಿಗೆ ನಲವತ್ತೇಳು ಗಂಟೆ ಚಿಲ್ಲರೆ. ದೂರದ ತುದಿಯಲ್ಲಿ ನಿಂತೇಬಿಟ್ಟಿದೆಯೇನೋ ಎನ್ನುವಷ್ಟು ನಿಧಾನ. ಹತ್ತಿರದ ತುದಿಯಲ್ಲಿ ಸೆಕೆಂಡಿಗೆ ಹತ್ತು ಕಿಲೋಮೀಟರನ್ನೂ ಮೀರಿದ ಓಟ.

“ತವರಿಗೆ ಬಂದ ಮಗಳು, ಮೇಡಂ. ಚಪ್ಪಲಿ ಬಿಡಲ್ಲ, ನೀರು ಕುಡಿಯಲ್ಲ, ಹೊರಟೆ ಅಂತಾಳೆ,” ಎನ್ನುತ್ತಿದ್ದರು ಡಿಶ್ ನೋಡಿಕೊಳ್ಳುವ ಅತಾವುಲ್ಲಾ ಸಾಹೇಬರು. ಇಪ್ಪತ್ತು ವರ್ಷದಿಂದ ಆ ದೈತ್ಯ ಡಿಶ್ಶಿನ ಕುತ್ತಿಗೆಗೆ ಗ್ರೀಸು ಹಚ್ಚುತ್ತ ಬಂದವರು ಅವರು.

ಪರಿಧಿಯ ಮುಂಭಾಗದಲ್ಲಿ ಒಂದು ಯಂತ್ರವಿತ್ತು. ಎಲ್ಲರೂ ಅದನ್ನು ಮೂಗು ಎನ್ನುತ್ತಿದ್ದರು. ಎದುರಾದ ಧೂಳಿನ ಕಣ ಅದಕ್ಕೆ ಬಡಿದು ಆವಿಯಾದೊಡನೆ, ಅದರಲ್ಲಿ ಯಾವ ಯಾವ ಧಾತು ಎಷ್ಟೆಷ್ಟಿದೆ ಎಂದು ಎಣಿಸಿ ಕೆಳಗೆ ಕಳಿಸುವುದು ಅದರ ಕೆಲಸ. ಎರಡು ವರ್ಷದ ಹಿಂದೆ, ಹತ್ತಿರದ ತುದಿಯಲ್ಲಿ, ಆ ಮೂಗಿಗೆ ರಂಜಕ ಬಡಿಯತೊಡಗಿತು. ಅಷ್ಟು ಎತ್ತರದಲ್ಲಿ ರಂಜಕಕ್ಕೇನು ಕೆಲಸ? ಉಲ್ಕೆಗೆ ಹೊಂದಿಸಿದರು, ಜ್ವಾಲಾಮುಖಿಗೆ ಹೊಂದಿಸಿದರು, ಯಾವುದಕ್ಕೂ ಹೊಂದಲಿಲ್ಲ. ಕಕ್ಷೆಯ ಲೆಕ್ಕ ನೋಡಿಕೊಳ್ಳುವ ಚಾರುಮತಿ ಮಾತ್ರ ಒಂದು ಸಂಜೆ ತನ್ನ ದಿನಚರಿಯ ಹಾಳೆಗಳನ್ನು ತಿರುವುತ್ತ, ರಂಜಕ ಏರಿದ ದಿನಗಳೆಲ್ಲ ಅಮಾವಾಸ್ಯೆಯ ಆಸುಪಾಸಿನವು ಎಂದು ಗಮನಿಸಿದಳು.

ಇಷ್ಟು ಸಾಕಾಯಿತು ಕಟ್ಟಿ ಸಾಹೇಬರಿಗೆ. ಅಮಾವಾಸ್ಯೆಯಂದು ಚಂದ್ರ ಸೂರ್ಯನಿಗೂ ನಮಗೂ ನಡುವೆ ಇರುತ್ತಾನೆ. ಸೂರ್ಯನಿಂದ ಹೊರಟ ಕಣಗಳ ಬಿರುಗಾಳಿ ಚಂದ್ರನ ಮಣ್ಣನ್ನು ಕೆದರಿ ನಮ್ಮ ಕಡೆ ತೂರುತ್ತದೆ. ಚಂದ್ರನ ಮಣ್ಣಿನಲ್ಲಿ ರಂಜಕವೂ ಇದೆ. ‘ಚಂದ್ರನ ಉಸಿರು’ ಎಂಬ ಹೆಸರಿನಲ್ಲಿ ಲೇಖನ ಸಿದ್ಧವಾಯಿತು, ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು. ಮೊದಲ ಹೆಸರು ಕಟ್ಟಿ ಸಾಹೇಬರದು, ಎರಡನೆಯದು ಚಾರುಮತಿಯದು.

ಒಂದೇ ತೊಡಕಿತ್ತು. ಈ ವರ್ಷ ಸೆಪ್ಟೆಂಬರಿನ ಮಹಾಲಯಕ್ಕೆ ಹಿಂದೆಂದೂ ಇಲ್ಲದಷ್ಟು ಎದ್ದ ಗೆರೆ, ಅಕ್ಟೋಬರಿನ ಅಮಾವಾಸ್ಯೆಗೆ ಏಳಲೇ ಇಲ್ಲ. ಸತ್ತ ಹಾವಿನಂತೆ ನೆಲಕ್ಕೆ ಹತ್ತಿಕೊಂಡಿತ್ತು. ದೀಪಾವಳಿಯ ಅಮಾವಾಸ್ಯೆಗೆ ಮತ್ತೆ ಎದ್ದಿತು.

“ಅಷ್ಟು ದೊಡ್ಡ ಉಸಿರು ಬಿಟ್ಟ ಮ್ಯಾಲ ಒಂದು ತಿಂಗಳು ದಮ್ಮು ತಗೋಬಾರದೇನು, ಪಾಪ?” ಎಂದು ಕಟ್ಟಿ ಸಾಹೇಬರು ನಕ್ಕಿದ್ದರು. ಚಾರುಮತಿಯೂ ನಕ್ಕಿದ್ದಳು. ಆಮೇಲೆ ದಿನಚರಿಯಲ್ಲಿ ಆ ನಗುವನ್ನೂ ಬರೆದುಕೊಂಡು, ಎದುರಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು.

ಕೇಕು ಮುಗಿದ ಮೇಲೆ ಸಾಹೇಬರು ಮುಂದಿನ ಹೆಜ್ಜೆ ಹೇಳಿದರು. ಕೆಳಗೆ ಹೋದಷ್ಟೂ ಈ ಧೂಳು ದಟ್ಟ. ಆದ್ದರಿಂದ ಕಾರ್ತಿಕ ಅಮಾವಾಸ್ಯೆ ಮುಗಿದ ಬುಧವಾರ, ದೂರದ ತುದಿಯಲ್ಲಿ ಪರಿಧಿಯ ಎಂಜಿನ್ನನ್ನು ಕೆಲವೇ ಸೆಕೆಂಡು ಉರಿಸಿದರೆ ಹತ್ತಿರದ ತುದಿ ಇನ್ನೂರೆಪ್ಪತ್ತಕ್ಕೆ ಇಳಿಯುತ್ತದೆ. ಅಲ್ಲಿ ಮೂಗಿನ ತುಂಬ ಚಂದ್ರನನ್ನು ಎಳೆದುಕೊಳ್ಳಬಹುದು.

“ಉಂಡು ಬಾ ಅಂತ ಕಳಸೋಣು ಮಗಳನ್ನ,” ಎಂದರು.

ಕಾರ್ತಿಕ ಅಮಾವಾಸ್ಯೆ ಭಾನುವಾರ ಬಿದ್ದಿತ್ತು. ಚಾರುಮತಿ ಮಂಡ್ಯದ ಮನೆಗೆ ಹೋದಳು. ಶ್ರಾವಣದಲ್ಲಿ ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅಮ್ಮ ಒಬ್ಬಳೇ. ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದ ಅಮ್ಮ, ಹೋದ ವರ್ಷವಷ್ಟೇ ನಿವೃತ್ತಳಾಗಿದ್ದಳು.

ಹೋದದ್ದೇ ತಡ, ಪಕ್ಕದ ಮನೆಯ ಕೆಂಪಾಜಮ್ಮ ಮಹಡಿಯಿಂದ ಕೂಗಿದಳು. “ಬಾ ಕಣವ್ವ ಚಾರು, ನಿಮ್ಮವ್ವುನ್ನೂ ಕರ್ಕಂಡ್ ಬಾ. ಏಳು ಹತ್ತಕ್ಕೆ ನಮ್ ಮಾವ್ನೋರು ಬತ್ತಾರೆ.”

ಮಾವನವರು ತೀರಿಕೊಂಡು ತಿಂಗಳಾಗಿತ್ತು.

ಹೊಳೆಗೆ ಬೂದಿ ಬಿಡಬಾರದು ಎಂದು ಕಾನೂನು ಬಂದು ಆರು ವರ್ಷವಾಗಿತ್ತು. ಸ್ನಾನಘಟ್ಟಗಳಿಗೆ ಬೇಲಿ ಬಿದ್ದು, ಮಡಕೆಗಳು ಅಟ್ಟದ ಮೇಲೆಯೇ ಉಳಿದ ಕಾಲದಲ್ಲಿ, ಎರಡು ವರ್ಷದ ಹಿಂದೆ ಹುಟ್ಟಿಕೊಂಡದ್ದು ನಭೋಮುಕ್ತಿ ಎಂಬ ಕಂಪನಿ. ಅವರು ಬೂದಿಯನ್ನು ಅಂಟು ಬೆರೆಸಿ ಕಡಲೆಕಾಳು ಗಾತ್ರದ ಗುಳಿಗೆ ಮಾಡುತ್ತಾರೆ. ಇನ್ನೂರೆಪ್ಪತ್ತು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅವರ ಸಾಗಣೆ ನೌಕೆ, ಹೇಳಿದ ದಿನ ಹೇಳಿದ ನಿಮಿಷಕ್ಕೆ ಆ ಗುಳಿಗೆಗಳನ್ನು ಕೆಳಕ್ಕೆ ಚಿಮ್ಮುತ್ತದೆ. ಊರಿನ ಮೇಲೆ ಎಂಬತ್ತು ಕಿಲೋಮೀಟರ್ ಎತ್ತರದಲ್ಲಿ ಅವು ಉಲ್ಕೆಗಳಾಗಿ ಉರಿದು ಹೋಗುತ್ತವೆ. ಒಂದು ಕಣವೂ ಉಳಿಯದಂತೆ ಪೂರ್ತಿ ಉರಿಯುತ್ತವೆ ಎಂದು ಮುದ್ರೆ ಒತ್ತಿದ ಪ್ರಮಾಣಪತ್ರ ಬೇರೆ ಕೊಡುತ್ತಾರೆ. ‘ಹೊಳೆಗೆ ಬಿಟ್ಟರೆ ಕೆಸರು, ಆಕಾಶಕ್ಕೆ ಬಿಟ್ಟರೆ ಹೆಸರು’ ಎಂಬ ಅವರ ಹಾಡು ಆಟೋಗಳಲ್ಲಿ ದಿನವಿಡೀ ಕೇಳಿಬರುತ್ತಿತ್ತು.

ಮಹಡಿಯ ಮೇಲೆ ಕುರ್ಚಿ ಹಾಕಿದ್ದರು. ಮೆಣಸಿನಕಾಯಿ ಬಜ್ಜಿಯ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ಸರಿಯಾಗಿ ಏಳು ಹತ್ತಕ್ಕೆ ಪಶ್ಚಿಮದಲ್ಲಿ ಒಂದು ಹಸಿರು ಗೆರೆ ಮೂಡಿ, ಅದರ ಹಿಂದೆ ಇನ್ನೊಂದು, ಮತ್ತೊಂದು, ತಲೆಯ ಮೇಲಿಂದ ಹಾದು ಆರಿದವು. ಎಲ್ಲರ ಕೈಯಲ್ಲೂ ಮೊಬೈಲು. ಯಾರೋ ಶಿಳ್ಳೆ ಹಾಕಿದರು. ಮಕ್ಕಳು “ಒನ್ಸ್ ಮೋರ್” ಎಂದು ಕುಣಿದರು.

“ಬದುಕಿದ್ದಾಗ ಹಾಸಿಗೆಯಿಂದ ಏಳಕ್ಕೆ ಅರ್ಧ ಗಂಟೆ ಬೇಕಾಗಿತ್ತು. ಈಗ ನೋಡು, ಹೆಂಗ್ ಓಡ್ತಾವ್ರೆ!” ಎಂದಳು ಕೆಂಪಾಜಮ್ಮ, ಬಜ್ಜಿಯ ತೊಟ್ಟನ್ನು ಉಗುಳುತ್ತ. ಎಲ್ಲರೂ ಗೊಳ್ಳೆಂದು ನಕ್ಕರು. “ಹಸಿರು ಬಣ್ಣ ನಾನೇ ಆರ್ಸಿದ್ದು ಕಣವ್ವ. ಅವ್ರಿಗೂ ರೈತಸಂಘದ ಟವಲ್ಲು ಅಂದ್ರೆ ಪ್ರಾಣ.”

ಚಾರುಮತಿ ಒಂದೇ ಬಜ್ಜಿ ತಿಂದು ತಟ್ಟೆಯನ್ನು ಮುಂದಕ್ಕೆ ಸಾಗಿಸಿದಳು. ಅವಳೂ ಅಮ್ಮನೂ ಬೇಗ ಕೆಳಗಿಳಿದು ಬಂದರು.

“ನಿಮ್ಮಪ್ಪ ಮಹಾಲಯದ ದಿವ್ಸ ಇದಕ್ಕಿಂತ ಚೆನ್ನಾಗಿ ಬಂದ್ರು,” ಎಂದಳು ಅಮ್ಮ, ಅಡುಗೆಮನೆಯ ದೀಪ ಹಾಕುತ್ತ. “ನೀನು ಡ್ಯೂಟಿ ಅಂತ ಬರ್ಲಿಲ್ಲ. ಬಣ್ಣಗಿಣ್ಣ ಬೇಡ ಅಂದಿದ್ದೆ ನಾನು. ಬೆಳ್ಳಗೆ, ಅವರ ಪಂಚೆ ಇದ್ದ ಹಾಗೆ. ಒಂಬತ್ತು ಗುಳಿಗೆ ಅಂದಿದ್ರು. ನಾನು ಎಣ್ಸಿದ್ದು ಆರೇ. ನನ್ನ ಕಣ್ಣೂ ಮಂಜಾಗಿತ್ತಲ್ಲ.”

“ಆರೇನಾ?”

“ಮೂವತ್ತು ವರ್ಷ ಕಬ್ಬಿನ ಗಾಡಿ ಎಣ್ಸಿದೀನಿ ಕಣೆ. ಆರು.”

ನೀರು ಕುಡಿಯಲೆಂದು ಲೋಟ ಎತ್ತಿಕೊಂಡ ಚಾರುಮತಿಯ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು. ನಭೋಮುಕ್ತಿಯವರು ಗಿರಾಕಿಗಳಿಗೆ ಕೊಟ್ಟದ್ದು. ಹಾಳೆಗಳನ್ನು ಹಿಂದಕ್ಕೆ ತಿರುವಿದಳು. ಅಮಾವಾಸ್ಯೆಯ ಚೌಕಗಳಲ್ಲೆಲ್ಲ ಕೆಂಪು ಅಕ್ಷರದಲ್ಲಿ ‘ಪ್ರಶಸ್ತ ದಿನ’ ಎಂದಿತ್ತು. ಮಹಾಲಯದ ಚೌಕಕ್ಕೆ ಚಿನ್ನದ ಬಣ್ಣ. ಮತ್ತೆ ಒಂದು ಹಾಳೆ ಮುಂದಕ್ಕೆ ಬಂದಳು. ಅಕ್ಟೋಬರಿನ ಹಾಳೆಗೆ ಅಡ್ಡಲಾಗಿ ಒಂದು ಸಾಲು: ‘ಅಧಿಕ ಆಶ್ವಯುಜ ಮಾಸದಲ್ಲಿ ವಿಸರ್ಜನೆ ಸೇವೆ ಇರುವುದಿಲ್ಲ.’

ಲೋಟ ಕೈಯಲ್ಲೇ ಉಳಿಯಿತು.

ಚಂದ್ರನಿಗೆ ಅಧಿಕ ಮಾಸವೆಂಬುದು ಗೊತ್ತಿಲ್ಲ. ಅವನು ಪ್ರತಿ ಅಮಾವಾಸ್ಯೆಗೂ ಒಂದೇ ಥರ ಬಂದು ಹೋಗುತ್ತಾನೆ. ಸೂರ್ಯನ ವರ್ಷಕ್ಕೂ ಚಂದ್ರನ ತಿಂಗಳಿಗೂ ಹೊಂದಿಸಲು ಮೂರು ವರ್ಷಕ್ಕೊಮ್ಮೆ ಒಂದು ತಿಂಗಳನ್ನು ತುರುಕುವವರು, ಆ ತಿಂಗಳಲ್ಲಿ ಈ ಕೆಲಸ ಬೇಡ, ಆ ಕೆಲಸ ಬೇಡ ಎನ್ನುವವರು ಭೂಮಿಯ ಮೇಲಿನ ಜನ. ಪರಿಧಿಯ ಮೂಗಿಗೆ ಬಡಿಯುತ್ತಿದ್ದುದು ಪಂಚಾಂಗ ನೋಡಿ ಬರುವ ಧೂಳು. ಚಿಮ್ಮುವ ಹೊಡೆತಕ್ಕೆ ಒಂಬತ್ತು ಗುಳಿಗೆಯಲ್ಲಿ ಮೂರು ಪುಡಿಯಾಗುತ್ತವೆ. ಪುಡಿ ಉರಿಯುವುದಿಲ್ಲ, ಅಲ್ಲೇ ದಿನಗಟ್ಟಲೆ ಸುತ್ತುತ್ತದೆ. ಅದರ ಮೇಲಂಚು ಮುನ್ನೂರಿಪ್ಪತ್ತನ್ನು ಮುಟ್ಟುತ್ತದೆ. ಮಹಾಲಯಕ್ಕೆ ಲಕ್ಷ ಲಕ್ಷ ಜನರ ಅಪ್ಪ ಅಮ್ಮಂದಿರು. ಅವರಲ್ಲಿ ತನ್ನ ಅಪ್ಪನೂ ಒಬ್ಬರು.

ಕೇಕಿನ ಮೇಲೆ ಬರೆದಿದ್ದ ಆ ಶಿಖರವನ್ನು ತಾನೇ ತಿಂದಿದ್ದಳು.

ಬಚ್ಚಲಿಗೆ ಓಡಿ ಕಾರಿಕೊಂಡಳು. ಹೊಟ್ಟೆಯಲ್ಲಿದ್ದುದೆಲ್ಲ ಬಂದ ಮೇಲೂ ಕೆನೆ ಅಂಟಿದ ಹಾಗೆ ಗಂಟಲು ಜಿಗುಟಾಗಿಯೇ ಇತ್ತು.

“ಆ ಕೆಂಪಾಜಮ್ಮ ಎಣ್ಣೆ ಬದಲಾಯ್ಸೋದೇ ಇಲ್ಲ,” ಎಂದು ಅಮ್ಮ ಬೆನ್ನು ನೀವಿದಳು.

ಸೋಮವಾರ ಬೆಳಿಗ್ಗೆ ಪ್ರಯೋಗಾಲಯದ ಬೀಗ ತೆಗೆದವಳೇ ಚಾರುಮತಿ. ಇಷ್ಟು ದಿನ ಎಲ್ಲರೂ ರಂಜಕದ ಹಿಂದೆಯೇ ಬಿದ್ದಿದ್ದರು. ಅದರ ಜೊತೆಗೇ ಬರುತ್ತಿದ್ದ ಸುಣ್ಣದ ಅಂಶವನ್ನು, ಚಂದ್ರನ ಮಣ್ಣಿನಲ್ಲಿ ಹೇಗೂ ಇದ್ದದ್ದೇ ಎಂದು, ಲೆಕ್ಕದಿಂದ ಕಳೆದುಬಿಡುತ್ತಿದ್ದರು. ಅವಳು ಕಳೆದದ್ದನ್ನು ವಾಪಸು ಸೇರಿಸಿದಳು. ಪರಮಾಣು ಎಣಿಸಿ ಅನುಪಾತ ತೆಗೆದಳು. ಮಹಾಲಯಕ್ಕೆ ಐದಕ್ಕೆ ಮೂರು. ದೀಪಾವಳಿಗೆ ಐದಕ್ಕೆ ಮೂರು. ಹೋದ ವರ್ಷದ್ದು, ಅದರ ಹಿಂದಿನದು, ಎಲ್ಲವೂ ಐದಕ್ಕೆ ಮೂರು.

ಗ್ರೀಸಿನ ಡಬ್ಬಿ ಕೇಳಲು ಬಂದ ಅತಾವುಲ್ಲಾ ಸಾಹೇಬರು ಅವಳ ಮುಖ ನೋಡಿ ನಿಂತರು. “ಏನ್ ಮೇಡಂ, ಹುಷಾರಿಲ್ವಾ?”

“ಸಾಹೇಬ್ರೇ, ಸುಣ್ಣ ಐದು, ರಂಜಕ ಮೂರು. ಏನಿದು ಹೇಳಿ.”

“ಅದೇನ್ ದೊಡ್ಡ ವಿಷ್ಯ? ಮೂಳೆ ಗೊಬ್ಬರ. ಚೀಲದ ಮೇಲೆ ಬರ್ದಿರ್ತಾರಲ್ಲ, ಸುಣ್ಣ ರಂಜಕ ಅಂತ. ನಮ್ಮ ಗುಲಾಬಿಗೆ ಹಾಕ್ತೀನಿ, ಒಂದೊಂದು ಹೂವು ತಟ್ಟೆ ಅಗಲ…” ಮಾತು ಅರ್ಧಕ್ಕೆ ನಿಂತಿತು. ಪರದೆಯ ಮೇಲಿನ ಗೆರೆಯನ್ನೂ ಅವಳನ್ನೂ ನೋಡಿದರು. ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತರು. “ತೌಬಾ. ನಾವು ಇಷ್ಟು ದಿನ ಇದನ್ನಾ ಹಿಡೀತಾ ಇದ್ದದ್ದು?”

ಸೆಕೆಂಡಿಗೆ ಹತ್ತು ಕಿಲೋಮೀಟರ್ ಓಡುವಾಗ ಮೂಳೆಯ ಪುಡಿಯೂ ಮರಳು ಕಾಗದವೇ. ಪರಿಧಿಗೆ ಎರಡು ಕಣ್ಣು, ನಕ್ಷತ್ರ ನೋಡಿ ತಾನು ಯಾವ ಕಡೆ ಮುಖ ಮಾಡಿದ್ದೇನೆಂದು ತಿಳಿಯುವ ಎರಡು ಕ್ಯಾಮೆರಾ. ಎಡಗಣ್ಣಿನ ಗಾಜು ವರ್ಷದಿಂದ ಮಸುಕಾಗುತ್ತಿದ್ದುದು ಅವಳಿಗೆ ಗೊತ್ತಿತ್ತು. ಕಾರಣ ಇವತ್ತು ಗೊತ್ತಾಯಿತು. ಮುಟ್ಟುತ್ತಿದ್ದುದು ಮೋಡದ ಮೇಲಂಚು ಮಾತ್ರ. ಇನ್ನೂರೆಪ್ಪತ್ತಕ್ಕೆ ಇಳಿಸಿದರೆ, ಕಾರ್ತಿಕ ಅಮಾವಾಸ್ಯೆಯ ಹೊಸ ಪುಡಿಯ ನಟ್ಟನಡುವೆ ನುಗ್ಗಿ, ಮೂರು ನಾಲ್ಕು ಸುತ್ತಿನಲ್ಲಿ ಎರಡು ಕಣ್ಣೂ ಹೋಗುತ್ತವೆ. ಕುರುಡು ಉಪಗ್ರಹ ಯಾವ ಕಡೆ ಮುಖ ಮಾಡಬೇಕೆಂದು ತಿಳಿಯದೆ ತಿರುಗುತ್ತ ತಿರುಗುತ್ತ ಮೂಕವಾಗುತ್ತದೆ. ಬುಧವಾರಕ್ಕೆ ಎರಡೇ ದಿನ.

ಕಟ್ಟಿ ಸಾಹೇಬರ ಕೋಣೆಯಲ್ಲಿ ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಹೇಳುವಾಗ ಕಾಲ ಬೆರಳಿನಿಂದ ನೆಲ ಒತ್ತುತ್ತಿದ್ದಳು. ಸಾಹೇಬರು ಹಾಳೆ ನೋಡಿದರು. ಐದಕ್ಕೆ ಮೂರು ಎಂಬಲ್ಲಿ ಅವರ ಕಣ್ಣು ನಿಂತಿತು. ಅವರಿಗೆ ತಿಳಿಯಿತು ಎಂಬುದು ಅವಳಿಗೂ ತಿಳಿಯಿತು. ಕನ್ನಡಕ ತೆಗೆದು ಒರೆಸಿಕೊಂಡರು.

“ಇದನ್ನ ಯಾರ ಮುಂದ ಹೇಳೀದಿ?”

“ಅತಾವುಲ್ಲಾ ಸಾಹೇಬ್ರಿಗೆ, ಸರ್.”

“ಅಂವಾ ಇರಲಿ. ನೋಡವಾ, ಮುಂದಿನ ತಿಂಗಳು ದಿಲ್ಲಿಯೊಳಗ ಚಂದ್ರನ ಉಸಿರಿನ ಮ್ಯಾಲ ನನ್ನ ಭಾಷಣ ಅದ. ಈಗ ಹೋಗಿ, ತಪ್ಪಾತ್ರೀ, ಅದು ಚಂದ್ರ ಅಲ್ಲ, ನಿಮ್ಮಜ್ಜ ಅಂತ ಹೇಳಲೇನು? ಜನಾ ನಗತಾರ. ನಗೋದಿರಲಿ, ಅಳತಾರ. ಅಪ್ಪ ಸ್ವರ್ಗಕ್ಕ ಹೋದಾ ಅಂತ ಮಲಗಿದವರನ್ನ ಎಬ್ಬಿಸಿ, ಇಲ್ಲಾ, ಕ್ಯಾಮೆರಾದ ಗಾಜಿಗೆ ಮಸಿ ಆಗ್ಯಾನ ಅನ್ನೋದು ವಿಜ್ಞಾನ ಏನು?”

“ಆದ್ರೆ ಇಳಿಸಿದ್ರೆ ಪರಿಧಿ ಕುರುಡಾಗತ್ತೆ, ಸರ್.”

“ಆಗವಲ್ದ್ಯಾಕ? ಅದರ ಆಯುಷ್ಯ ಮುಗೀಲಿಕ್ಕೇ ಬಂದದ. ಸತ್ತರ ಕೆಲಸಾ ಮಾಡತಾ ಸತ್ತಿತು ಅಂತಾರ. ತಪ್ಪು ಯಾರ ತಲೀಗೂ ಬರೂದುಲ್ಲ.” ಅವರು ಡ್ರಾಯರಿನಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. “ನಿನ್ನ ಕಾಯಂ ಮಾಡೋ ಆದೇಶ. ಸಹಿ ಒಂದು ಬಾಕಿ ಅದ. ಶಾಣ್ಯಾ ಹುಡುಗಿ ಇದ್ದೀ.”

ಅವರ ಮೀಸೆಯ ತುದಿಯಲ್ಲಿ ಬೆಳಗಿನ ಉಪ್ಪಿಟ್ಟಿನ ಒಂದು ರವೆಕಾಳು ಅಂಟಿತ್ತು. ಮಾತಾಡಿದಾಗೆಲ್ಲ ಅದು ಕುಣಿಯುತ್ತಿತ್ತು. ಚಾರುಮತಿಗೆ ಅದರಿಂದ ಕಣ್ಣು ತೆಗೆಯಲಾಗಲಿಲ್ಲ. ಈ ಬಾಯಿಯೇ ತನಗೆ ಮೇಷ್ಟರಂತೆ ಕಲಿಸಿದ್ದು, ಈ ಕೈಯೇ ಕೇಕು ತಿನ್ನಿಸಿದ್ದು. ಲಕೋಟೆಯನ್ನು ಅಲ್ಲೇ ಬಿಟ್ಟು ಹೊರಗೆ ಬಂದಳು.

ಬುಧವಾರ ಬೆಳಿಗ್ಗೆ ಹನ್ನೊಂದೂವರೆಗೆ ನಿಯಂತ್ರಣ ಕೊಠಡಿಯಲ್ಲಿ ಏಳು ಮೇಜಿಗೂ ಜನ ಕೂತಿದ್ದರು. ಲಕ್ಷದಿಪ್ಪತ್ತು ಸಾವಿರ ಕಿಲೋಮೀಟರ್ ದೂರದಲ್ಲಿ ಪರಿಧಿ ಹೆಚ್ಚುಕಡಿಮೆ ನಿಂತಿತ್ತು. ಎಂಜಿನ್ ಉರಿಸುವ ಮುನ್ನ ಪ್ರತಿ ಮೇಜಿನವರೂ ಬಾಯಿಬಿಟ್ಟು ‘ಸರಿ’ ಎನ್ನಬೇಕು. ಒಬ್ಬರು ‘ಬೇಡ’ ಎಂದರೂ ಆ ಸುತ್ತಿಗೆ ಕೆಲಸ ನಿಲ್ಲಬೇಕು. ಅಂದವರು ಎಲ್ಲರೂ ಕೇಳುವ ಹಾಗೆ ಕಾರಣ ಹೇಳಬೇಕು, ಅದು ದಾಖಲೆಗೆ ಹೋಗಿ ಸಂಜೆಯೊಳಗೆ ಸಾರ್ವಜನಿಕರಿಗೂ ತೆರೆದಿರಬೇಕು. ಪರಿಧಿ ಹಾರಿದಾಗಿನ ನಿಯಮ ಅದು. ಹನ್ನೊಂದು ವರ್ಷದಲ್ಲಿ ಯಾರೂ ಬೇಡ ಎಂದಿರಲಿಲ್ಲ.

“ವಿದ್ಯುತ್ತು?” ಕಟ್ಟಿ ಸಾಹೇಬರೇ ಕರೆಯುತ್ತಿದ್ದರು.

“ಸರಿ.”

“ಇಂಧನ?”

“ಸರಿ.”

“ಡಿಶ್?”

ಅತಾವುಲ್ಲಾ ಸಾಹೇಬರು ಚಾರುಮತಿಯ ಕಡೆ ನೋಡಿದರು. ಎರಡು ಹೆಣ್ಣುಮಕ್ಕಳ ಮದುವೆ ಬಾಕಿಯಿದ್ದ ಮನುಷ್ಯ. “ಡಿಶ್ ಸರಿ ಇದೆ, ಸರ್. ಡಿಶ್ ಮಟ್ಟಿಗೆ,” ಎಂದರು.

“ಕಕ್ಷೆ?”

ಚಾರುಮತಿ ಅಂಗೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡಳು. ಈ ಕೊಠಡಿಯಲ್ಲಿ ಅವಳ ‘ಸರಿ’ ಯಾರಿಗೂ ಕೇಳದೆ ಸಾಹೇಬರು ಎರಡು ಸಲ ಕರೆಯುವುದು ವಾಡಿಕೆ.

“ಕಕ್ಷೆ?” ಎಂದರು ಎರಡನೇ ಸಲ.

“ಬೇಡ.”

ತಾನೇ ಬೆಚ್ಚಿಬೀಳುವಷ್ಟು ಗಟ್ಟಿಯಾಗಿ ಬಂತು. ಆರು ತಲೆಗಳು ತಿರುಗಿದವು. ಕಟ್ಟಿ ಸಾಹೇಬರ ಮುಖ ಸುಣ್ಣ ಬಳಿದ ಹಾಗಾಯಿತು. “ಕಾರಣ?” ಎಂದರು. ಕೇಳದೇ ಇರಲು ನಿಯಮ ಬಿಡುತ್ತಿರಲಿಲ್ಲ.

“ಮೂಗಿಗೆ ಬರ್ತಿರೋದು ಚಂದ್ರನ ಧೂಳಲ್ಲ. ಸುಟ್ಟ ಮನುಷ್ಯರ ಮೂಳೆ. ಅಮಾವಾಸ್ಯೆಗೆ ಬರುತ್ತೆ, ಅಧಿಕ ಮಾಸದಲ್ಲಿ ಬರಲ್ಲ. ಸುಣ್ಣ ಐದು, ರಂಜಕ ಮೂರು. ಇನ್ನೂರೆಪ್ಪತ್ತಕ್ಕೆ ಇಳಿಸಿದರೆ ಎರಡೂ ಕಣ್ಣು ಹೋಗುತ್ತವೆ.” ಉಸಿರು ತೆಗೆದುಕೊಂಡಳು. “ಲೇಖನದಲ್ಲಿ ನನ್ನ ಹೆಸರೂ ಇದೆ. ಅದು ತಪ್ಪು. ಮಹಾಲಯದ ಶಿಖರದಲ್ಲಿ ನಮ್ಮ ತಂದೆಯೂ ಇದ್ದಾರೆ. ಇಷ್ಟನ್ನೂ ಬರ್ಕೊಳ್ಳಿ.”

ಬರೆದುಕೊಳ್ಳುವ ಕೀಲಿಗಳು ಟಕಟಕ ಎಂದವು. ಗಡಿಯಾರದಲ್ಲಿ ಹನ್ನೊಂದು ನಲವತ್ತು ಕಳೆಯಿತು. ಪರಿಧಿ ಉರಿಯದ ಎಂಜಿನ್ ಹೊತ್ತು ಮೆಲ್ಲಗೆ ಭೂಮಿಯ ಕಡೆ ಹೊರಳಿತು.

ಇನ್ನು ಊರೇ ಹೊತ್ತಿ ಉರಿಯುತ್ತದೆ ಎಂದುಕೊಂಡಿದ್ದಳು ಚಾರುಮತಿ. ನಭೋಮುಕ್ತಿಯ ಕಚೇರಿಗೆ ಜನ ಮುತ್ತುತ್ತಾರೆ, ಪ್ರಮಾಣಪತ್ರಗಳನ್ನು ಹರಿದೆಸೆಯುತ್ತಾರೆ, ಯಾರಾದರೂ ಅಸಹ್ಯ ಎಂಬ ಮಾತನ್ನಾದರೂ ಆಡುತ್ತಾರೆ ಎಂದು ಎರಡು ದಿನ ಕಾದಳು. ಶುಕ್ರವಾರ ಬೆಳಿಗ್ಗೆ ಎಲ್ಲ ಪತ್ರಿಕೆಗಳ ಮುಖಪುಟದಲ್ಲೂ ಜಾಹೀರಾತು ಬಂತು. ‘ನಿಮ್ಮ ಹಿರಿಯರು ಉರಿದು ಮುಗಿಯುವುದಿಲ್ಲ! ದಿನಗಟ್ಟಲೆ ಭೂಮಿಗೆ ಪ್ರದಕ್ಷಿಣೆ ಹಾಕುತ್ತಾರೆ! ವಿಜ್ಞಾನಿಗಳಿಂದ ದೃಢ!’ ಕೆಳಗೆ ಅವಳ ಹೆಸರು, ಗುರುತಿನ ಚೀಟಿಯಿಂದ ಎತ್ತಿದ ಅವಳ ಫೋಟೋ. ಪುಷ್ಯ ಅಮಾವಾಸ್ಯೆಗೆ ಜಾಗ ತುಂಬಿದೆ ಎಂಬ ಸೂಚನೆ.

ಮಧ್ಯಾಹ್ನ ಆ ಕಂಪನಿಯ ಪ್ರಚಾರಾಧಿಕಾರಿಯೇ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಹಿಡಿದು ಹೊನ್ನಬೋರೆಗೆ ಬಂದ. ಕಟ್ಟಿ ಸಾಹೇಬರು ಎರಡು ದಿನ ಮುಚ್ಚಿದ್ದ ಕೋಣೆಯ ಬಾಗಿಲು ತೆರೆದರು. ಅವರ ದಿಲ್ಲಿಯ ಭಾಷಣ ರದ್ದಾಗಿರಲಿಲ್ಲ. ವಿಷಯ ಮಾತ್ರ ಬದಲಾಗಿತ್ತು. “ನಮ್ಮ ಹುಡುಗಿ! ಹನ್ನೊಂದು ವರ್ಷದೊಳಗ ಬ್ಯಾಡ ಅಂದಾಕಿ ಇಕಿ ಒಬ್ಬಾಕಿನಽ!” ಎಂದು ಅವಳ ಬೆನ್ನು ತಟ್ಟಿದರು.

ಶಾಲು ಹೊದಿಸುತ್ತ ಅಧಿಕಾರಿ ಕೇಳಿದ. “ಮೇಡಂ, ನಿಮ್ಮ ತಂದೆಯವರ ಟೋಕನ್ ನಂಬರ್ ಹೇಳಿ. ಅವರು ಈಗ ಎಲ್ಲಿ ಪ್ರದಕ್ಷಿಣೆ ಹಾಕ್ತಿದಾರೆ ಅಂತ ಒಂದು ವೀಡಿಯೋ ಮಾಡೋಣ.”

“ಪ್ರದಕ್ಷಿಣೆ ಇಲ್ಲ,” ಎಂದಳು ಚಾರುಮತಿ. ಶಾಲಿನಿಂದ ಹೊಸ ಬಟ್ಟೆಯ ಗಂಜಿ ನಾರುತ್ತಿತ್ತು. “ವಾರದೊಳಗೆ ಪುಡಿ ಕೆಳಗಿಳಿಯುತ್ತೆ. ಆಮೇಲೆ ತಿಂಗಳುಗಟ್ಟಲೆ ಗಾಳಿಯಲ್ಲಿ ತೇಲಿ, ಮಳೆ ಜೊತೆ ಬೀಳುತ್ತೆ. ಹೊಲದ ಮೇಲೆ, ಕೆರೆಗೆ, ಮನೆ ತೊಟ್ಟಿಗೆ. ನಾವು ಅದನ್ನೇ ಕುಡೀತೀವಿ. ಹೊಳೆಗೆ ಬೇಡ ಅಂದಿದ್ದನ್ನ ನೀವು ಎಲ್ಲರ ಲೋಟಕ್ಕೂ ಹಾಕ್ತಿದೀರಿ.”

ಅಧಿಕಾರಿಯ ಕಣ್ಣು ಅರಳಿತು. ಜೇಬಿನಿಂದ ಪೆನ್ನು ತೆಗೆದ. “ಮಳೆಯಾಗಿ ಮನೆಗೇ ವಾಪಸ್! ಮೇಡಂ, ಇದು ಅದಕ್ಕಿಂತ ಚೆನ್ನಾಗಿದೆ!”

ಅವಳು ಶಾಲನ್ನು ತೆಗೆದು ಹಣ್ಣಿನ ಬುಟ್ಟಿಯ ಮೇಲೆ ಹಾಕಿ, ಕೈ ತೊಳೆಯಲು ಹೋದಳು. ಮೂರು ಸಲ ಸೋಪು ಹಚ್ಚಿ ತೊಳೆದಳು. ನಲ್ಲಿಯ ನೀರನ್ನು ನೋಡಿ ಅದನ್ನೂ ನಿಲ್ಲಿಸಿದಳು.

ಪರಿಧಿಯನ್ನು ಇನ್ನೂರೆಪ್ಪತ್ತಕ್ಕೆ ಇಳಿಸುವ ಮಾತು ಮತ್ತೆ ಬರಲಿಲ್ಲ. ಮೇಲಕ್ಕೆ, ಐನೂರಕ್ಕೋ ಆರುನೂರಕ್ಕೋ ಎತ್ತಿದರೆ ಉಳಿದ ಕಣ್ಣಾದರೂ ಉಳಿಯುತ್ತದೆ ಎಂದು ಚಾರುಮತಿ ನಾಲ್ಕು ಅರ್ಜಿ ಬರೆದಳು. ಮೇಲಿನಿಂದ ಉತ್ತರ ಬಂತು: ಹಿರಿಯರ ಕಣಗಳ ಎಣಿಕೆಯನ್ನು ಪ್ರತಿ ಅಮಾವಾಸ್ಯೆಗೆ ನೇರ ಪ್ರಸಾರ ಮಾಡಬೇಕೆಂದು ಸಾರ್ವಜನಿಕರ ಒತ್ತಾಯವಿರುವುದರಿಂದ, ಉಪಗ್ರಹ ಈಗಿರುವ ಎತ್ತರದಲ್ಲೇ ಇರತಕ್ಕದ್ದು. ‘ಬೇಡ’ ಎಂದು ತಡೆಯುವ ಹಕ್ಕು ಕಕ್ಷೆಯ ಮೇಜಿಗಿತ್ತು. ‘ಬೇಕು’ ಎಂದು ನಡೆಸುವ ಹಕ್ಕಿರಲಿಲ್ಲ. ಅಮಾವಾಸ್ಯೆ ಬಂದಾಗೆಲ್ಲ ಪರಿಧಿ ದೂರದ ಶುಭ್ರ ಕತ್ತಲಿನಿಂದ ಇಳಿದು ಬಂದು, ಎರಡು ದಿನಕ್ಕೊಮ್ಮೆ ಆ ಪುಡಿಯೊಳಗೆ ಮುಖ ತೂರಿ ಹೋಗುತ್ತಿತ್ತು. ಸಂಕ್ರಾಂತಿಯ ವಾರ ಎಡಗಣ್ಣಿಗೆ ಒಂದು ನಕ್ಷತ್ರವೂ ಕಾಣಲಿಲ್ಲ.

ಆ ದಿನ ಮಧ್ಯಾಹ್ನ ಅಮ್ಮನ ಫೋನು ಬಂತು.

“ಚಾರು, ಕೆಂಪಾಜಮ್ಮ ಹೇಳಿದ್ಲು. ಟೀವಿಯಲ್ಲಿ ಎಲ್ಲರದ್ದೂ ತೋರಿಸ್ತಾರಂತೆ. ನಿಮ್ಮಪ್ಪನ್ನ ನೋಡಿದ್ಯೇನೆ ನೀನು?”

ಹೌದು ಎಂದುಬಿಡುವುದು ಸುಲಭವಿತ್ತು. ಆ ಸುಲಭದ ಜಿಗುಟು ಗಂಟಲಿಗೆ ಬಂದು ಕೂತಿತು.

“ಅಪ್ಪ ಅಲ್ಲಿಲ್ಲಮ್ಮ. ಸೆಪ್ಟೆಂಬರಿನಲ್ಲೇ ಇಳಿದುಬಿಟ್ರು.”

“ಇಳಿದು ಎಲ್ಲಿಗೆ ಹೋದ್ರು?”

“ಗೊತ್ತಿಲ್ಲ. ಎಲ್ಲಾ ಕಡೆ.”

ಅತ್ತ ಕಡೆ ಕುಕ್ಕರು ಒಂದು ಸಲ ಕೂಗಿದ್ದು ಕೇಳಿಸಿತು. ಆಮೇಲೆ ಅಮ್ಮ ಮೂಗು ಏರಿಸಿಕೊಂಡಳು.

“ಒಳ್ಳೇದಾಯ್ತು ಬಿಡು,” ಎಂದಳು. “ಆ ಗಲೀಜಲ್ಲಿ ಎಷ್ಟು ದಿನ ಅಂತ ಇರ್ತಾರೆ.”